ಟರ್ಮಿನಲ್‌ನಲ್ಲಿ ಇಮೇಲ್: ಪುಟ್ಟದು ಸಾಕೋ, ದೊಡ್ಡದೇ ಬೇಕೋ?

ಸರ್ವರ್ ನೋಡಿಕೊಳ್ಳುವವರು, ಲಿನಕ್ಸ್ ಕರ್ನಲ್‌ಗೆ ಪ್ಯಾಚ್ ಕಳಿಸುವವರು, ದಿನವಿಡೀ ಎಸ್‌ಎಸ್‌ಎಚ್‌ನಲ್ಲೇ ಇರುವವರು ಇವತ್ತಿಗೂ ಟರ್ಮಿನಲ್‌ನಲ್ಲಿ ಇಮೇಲ್ ಓದುತ್ತಾರೆ, ಬರೆಯುತ್ತಾರೆ. ಈ ದಾರಿಗೆ ಹೊಸದಾಗಿ ಬಂದವರು ಕೇಳುವ ಪ್ರಶ್ನೆ ಒಂದೇ: ಮೇಲ್‌ಎಕ್ಸ್‌ನಂಥ ಪುಟ್ಟ ಪ್ರೋಗ್ರಾಂ ಸಾಕೋ, ಮಟ್ ಅಥವಾ ಆಲ್ಪೈನ್‌ನಂಥ ದೊಡ್ಡದೇ ಬೇಕೋ? ಗಾತ್ರ ನೋಡಿ ಆರಿಸಲು ಹೊರಡುವುದೇ ಮೊದಲ ತಪ್ಪು. ಪತ್ರವನ್ನು ತರುವುದು, ಇಡುವುದು, ಓದಿಸುವುದು, ಬರೆಸುವುದು, ಕಳಿಸುವುದು ಬೇರೆ ಬೇರೆ ಕೆಲಸಗಳು. ಯಾವ ಪ್ರೋಗ್ರಾಂ ಇವುಗಳಲ್ಲಿ ಯಾವುದನ್ನು ತಾನೇ ಮಾಡುತ್ತದೆ, ಯಾವುದನ್ನು ಇನ್ನೊಬ್ಬರ ಹೆಗಲಿಗೆ ದಾಟಿಸುತ್ತದೆ ಎಂಬುದು ಗೊತ್ತಿದ್ದರೆ ಆಯ್ಕೆ ಕಷ್ಟವಲ್ಲ. ಅದು ಗೊತ್ತಿಲ್ಲದೆ ಬೆಳೆದ ನಂಬಿಕೆಗಳು ಹಲವು.

ತಪ್ಪು ಕಲ್ಪನೆ: ಪುಟ್ಟ ಪ್ರೋಗ್ರಾಂ ಕಲಿಯಲು ಸುಲಭ.

ಪುಟ್ಟದ್ದು ಬೇರೆ, ಸುಲಭವಾದದ್ದು ಬೇರೆ. 1978ರಲ್ಲಿ ಬರ್ಕ್ಲಿಯಲ್ಲಿ ಕರ್ಟ್ ಶೋನ್ಸ್ ಬರೆದ ಮೇಲ್ ಪ್ರೋಗ್ರಾಂನ ವಂಶದವೇ ಇಂದಿನ ಮೇಲ್‌ಎಕ್ಸ್‌ಗಳು. ತೆರೆದರೆ ಪತ್ರಗಳ ಪಟ್ಟಿ, ಅದರ ಕೆಳಗೆ ಒಂದು & ಚಿಹ್ನೆ, ಅಷ್ಟೆ. ಮುಂದೇನು ಮಾಡಬೇಕೆಂದು ಅದು ಹೇಳುವುದಿಲ್ಲ. ಹೊರಬರಲು ಕ್ಯೂ ಒತ್ತಿದರೆ, ನೀವು ಓದಿ ಅಳಿಸದೆ ಬಿಟ್ಟ ಪತ್ರಗಳನ್ನು ಅದು ಅಂಚೆಪೆಟ್ಟಿಗೆಯಿಂದ ಎತ್ತಿ ನಿಮ್ಮ ಹೋಂ ಡೈರೆಕ್ಟರಿಯ ಎಂಬಾಕ್ಸ್ ಎಂಬ ಕಡತಕ್ಕೆ ಸಾಗಿಸುತ್ತದೆ. ಮರುದಿನ ತೆರೆದವರು ಪತ್ರಗಳೇ ಮಾಯವಾದವೆಂದು ಗಾಬರಿಯಾಗುವುದು ಇದರಿಂದ. ಏನನ್ನೂ ಮುಟ್ಟದೆ ಹೊರಬರಬೇಕಾದರೆ ಒತ್ತಬೇಕಾದ್ದು ಎಕ್ಸ್. ಇದನ್ನು ಮೊದಲ ದಿನವೇ ತಿಳಿದುಕೊಂಡಿರಬೇಕು.

ದೊಡ್ಡ ಬಳಗದ ಪೈನ್ ಹುಟ್ಟಿದ ಬಗೆ ಇದಕ್ಕೆ ವಿರುದ್ಧ. 1989ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಅದನ್ನು ಬರೆಯಲು ತೊಡಗಿದ್ದೇ ಕಂಪ್ಯೂಟರ್ ಪಳಗದ ಕಚೇರಿ ಸಿಬ್ಬಂದಿಗಾಗಿ. ಯಾವ ಕೀ ಒತ್ತಿದರೆ ಏನಾಗುತ್ತದೆ ಎಂಬುದು ಪರದೆಯ ತಳದಲ್ಲಿ ಸದಾ ಕಾಣುತ್ತಿರುತ್ತದೆ. ಅದರ ಜೊತೆಗಿದ್ದ ಪೀಕೋ ಎಡಿಟರಿನ ಮಾದರಿಯಲ್ಲೇ ಇಂದಿನ ನ್ಯಾನೋ ಬಂದದ್ದು. ಪೈನ್‌ನ ಉತ್ತರಾಧಿಕಾರಿ ಆಲ್ಪೈನ್. ಟರ್ಮಿನಲ್‌ನಲ್ಲಿ ಮೊದಲ ಸಲ ಇಮೇಲ್ ಓದುವವರಿಗೆ ನಾನು ಹೇಳುವ ಹೆಸರು ಅದೇ.

ತಪ್ಪು ಕಲ್ಪನೆ: ಮೇಲ್ ಕಮಾಂಡ್ ಕೊಟ್ಟು ಎಂಟರ್ ಒತ್ತಿದರೆ ಪತ್ರ ಹೋದಂತೆಯೇ.

ಅತಿ ಹೆಚ್ಚು ತೊಂದರೆ ಕೊಡುವ ನಂಬಿಕೆ ಇದು. ಸಾಂಪ್ರದಾಯಿಕ ಮೇಲ್‌ಎಕ್ಸ್‌ಗೆ ಇಂಟರ್ನೆಟ್ಟಿನ ಪರಿಚಯವೇ ಇಲ್ಲ. ನೀವು ಬರೆದದ್ದನ್ನು ಅದೇ ಯಂತ್ರದಲ್ಲಿರುವ ಸೆಂಡ್‌ಮೇಲ್ ಎಂಬ ಹೆಸರಿನ ಪ್ರೋಗ್ರಾಂಗೆ ಒಪ್ಪಿಸಿ ಅದು ಕೈತೊಳೆದುಕೊಳ್ಳುತ್ತದೆ. ಆ ಹೆಸರಿನ ಹಿಂದೆ ನಿಜವಾಗಿ ಇರುವುದು ಪೋಸ್ಟ್‌ಫಿಕ್ಸ್ ಇರಬಹುದು, ಎಕ್ಸಿಮ್ ಇರಬಹುದು, ಏನೂ ಇಲ್ಲದೆಯೂ ಇರಬಹುದು. ಒಪ್ಪಿಸಿದ್ದು ಸರಿಯಾಗಿದ್ದರೆ ಕಮಾಂಡ್ ಸಾಮಾನ್ಯವಾಗಿ ಯಶಸ್ವಿ ಎಂದೇ ವರದಿ ಮಾಡುತ್ತದೆ. ಪತ್ರ ಮಾತ್ರ ಕ್ಯೂನಲ್ಲಿ ಕೊಳೆಯುತ್ತಿರುತ್ತದೆ. ಸ್ಪ್ಯಾಮ್ ತಡೆಯಲೆಂದು ಅನೇಕ ಇಂಟರ್ನೆಟ್ ಸೇವೆಗಳೂ ಕ್ಲೌಡ್ ಕಂಪನಿಗಳೂ ಹೊರಹೋಗುವ 25ನೇ ಪೋರ್ಟನ್ನು ಮುಚ್ಚಿರುತ್ತವೆ. ಹಾಗೂ ದಾಟಿ ಹೋದರೂ, ನಿಮ್ಮ ಡೊಮೈನ್ ಪರವಾಗಿ ಕಳಿಸುವ ಹಕ್ಕು ಆ ಯಂತ್ರಕ್ಕಿದೆಯೇ ಎಂದು ಪಡೆಯುವ ಕಡೆಯವರು ಎಸ್‌ಪಿಎಫ್ ದಾಖಲೆ ನೋಡುತ್ತಾರೆ. ಇಲ್ಲದಿದ್ದರೆ ಪತ್ರ ಸ್ಪ್ಯಾಮ್ ಪಾಲು.

ರಾತ್ರಿ ಬ್ಯಾಕಪ್ ವಿಫಲವಾದರೆ ತಿಳಿಸು ಎಂದು ಕ್ರಾನ್‌ಗೆ ಹೇಳಿ ನಿಶ್ಚಿಂತೆಯಿಂದಿರುವವರು ಇದನ್ನು ಗಮನಿಸಲೇಬೇಕು. ಎಚ್ಚರಿಕೆಯ ಪತ್ರ ಬರಲಿಲ್ಲವೆಂದರೆ ಎಲ್ಲವೂ ಸುಸೂತ್ರ ಎಂದು ಅರ್ಥವಲ್ಲ, ಎಚ್ಚರಿಕೆಯೇ ಹೊರಟಿಲ್ಲದಿರಬಹುದು. ಮೇಲ್‌ಕ್ಯೂ ಕಮಾಂಡ್ ಕೊಟ್ಟು ಸರತಿಯಲ್ಲಿ ಏನು ನಿಂತಿದೆ ನೋಡಿ. ಒಂದೇ ಯಂತ್ರದಿಂದ ಆಗೊಮ್ಮೆ ಈಗೊಮ್ಮೆ ಕಳಿಸುವುದಾದರೆ ಪೂರಾ ಪೋಸ್ಟ್‌ಫಿಕ್ಸ್ ಕೂಡ ಬೇಡ. ಎಂಎಸ್‌ಎಂಟಿಪಿ ಎಂಬ ಸಣ್ಣ ಪ್ರೋಗ್ರಾಂ ಸೆಂಡ್‌ಮೇಲ್‌ನ ಜಾಗದಲ್ಲಿ ಕೂತು, 587ನೇ ಪೋರ್ಟಿನ ಮೂಲಕ ನಿಮ್ಮ ಇಮೇಲ್ ಸೇವೆಗೆ ಹೆಸರು, ಪಾಸ್‌ವರ್ಡ್ ಕೊಟ್ಟು ಪತ್ರ ದಾಟಿಸುತ್ತದೆ. ಅದಕ್ಕೆ ಕ್ಯೂ ಇಲ್ಲ. ಆಗಲಿಲ್ಲವೆಂದರೆ ಅಲ್ಲೇ ದೋಷ ಹೇಳುತ್ತದೆ. ಈ ಪ್ರಾಮಾಣಿಕತೆ ನನಗೆ ಬಹಳ ಮೆಚ್ಚುಗೆ.

ತಪ್ಪು ಕಲ್ಪನೆ: ಮೇಲ್ ಕಮಾಂಡ್ ಎಲ್ಲ ಯಂತ್ರಗಳಲ್ಲೂ ಒಂದೇ.

ಹೆಸರು ಒಂದು, ಒಳಗಿರುವವರು ಹಲವರು. ಮೇಲ್‌ಎಕ್ಸ್‌ನ ಒಂದು ರೂಪವಾದ ಎಸ್-ನೇಲ್‌ನಲ್ಲಿ ಮೈನಸ್ ಎ ಎಂದರೆ ಕಡತ ಲಗತ್ತಿಸು ಎಂದು. ಗ್ನೂ ಮೇಲ್‌ಯುಟಿಲ್ಸ್‌ನಲ್ಲಿ ಅದೇ ಸಣ್ಣ ಎ ತಲೆಸಾಲು ಸೇರಿಸುತ್ತದೆ, ಲಗತ್ತಿಸಲು ದೊಡ್ಡ ಎ ಬೇಕು. ಡೆಬಿಯನ್‌ನ ಬಿಎಸ್‌ಡಿ-ಮೇಲ್‌ಎಕ್ಸ್‌ನಲ್ಲೂ ಸಣ್ಣ ಎ ತಲೆಸಾಲಿಗೇ. ಒಂದು ಸರ್ವರಿನಲ್ಲಿ ಸರಿಯಾಗಿ ಓಡಿದ ಸ್ಕ್ರಿಪ್ಟ್ ಇನ್ನೊಂದರಲ್ಲಿ ವರದಿಯಿಲ್ಲದ ಖಾಲಿ ಪತ್ರ ಕಳಿಸುವುದು ಹೀಗೆ. ಹಲವು ಬಗೆಯ ಸರ್ವರ್‌ಗಳಿದ್ದು ಲಗತ್ತು ಕಳಿಸಬೇಕಿದ್ದರೆ ಸ್ಕ್ರಿಪ್ಟಿನಲ್ಲಿ ಮಟ್ ಬಳಸುವುದೇ ಮೇಲು. ಅದಕ್ಕೂ ಪರದೆಯಿಲ್ಲದೆ ಓಡುವ ರೀತಿಯಿದೆ. ಕಡತದ ಹೆಸರಾದ ಮೇಲೆ, ವಿಳಾಸಕ್ಕೆ ಮೊದಲು, ಎರಡು ಮೈನಸ್ ಹಾಕುವುದನ್ನು ಮಾತ್ರ ಮರೆಯಬಾರದು. ದೊಡ್ಡ ಪ್ರೋಗ್ರಾಂಗಳು ಕೂತು ಓದುವವರಿಗಷ್ಟೇ ಎಂಬ ಮಾತೂ ಇದರಿಂದ ಬಿದ್ದುಹೋಗುತ್ತದೆ.

ತಪ್ಪು ಕಲ್ಪನೆ: ಪುಟ್ಟದ್ದರಲ್ಲಿ ಕೋಡ್ ಕಡಿಮೆ, ಹಾಗಾಗಿ ಸುರಕ್ಷಿತ.

2014ರ ಡಿಸೆಂಬರಿನಲ್ಲಿ ಬಿಎಸ್‌ಡಿ-ಮೇಲ್‌ಎಕ್ಸ್ ಮತ್ತು ಹೇರ್‌ಲೂಮ್ ಮೇಲ್‌ಎಕ್ಸ್ ಎರಡಕ್ಕೂ ಭದ್ರತಾ ತಿದ್ದುಪಡಿ ತರಬೇಕಾಯಿತು. ಇಮೇಲ್ ವಿಳಾಸದಂತೆ ಕೊಟ್ಟ ಅಕ್ಷರಗಳನ್ನು ಅವು ಶೆಲ್ ಕಮಾಂಡ್ ಎಂದು ಓಡಿಸಿಬಿಡುತ್ತಿದ್ದವು. ಜಾಲತಾಣದ ಅರ್ಜಿಯಲ್ಲಿ ಯಾರೋ ತುಂಬಿದ ವಿಳಾಸವನ್ನು ನೇರವಾಗಿ ಇವುಗಳ ಕೈಗೆ ಕೊಟ್ಟರೆ ಏನಾಗಬಹುದೆಂದು ಯೋಚಿಸಿ. ಹೊರಗಿನವರು ಕೊಟ್ಟ ವಿಳಾಸವನ್ನು ಯಾವ ಪ್ರೋಗ್ರಾಂಗೇ ಆಗಲಿ ಪರೀಕ್ಷಿಸದೆ ದಾಟಿಸಬಾರದು.

ತಪ್ಪು ಕಲ್ಪನೆ: ಮಟ್ ಇದ್ದರೆ ಇನ್ನೇನೂ ಬೇಡ.

1995ರಲ್ಲಿ ಮೈಕೆಲ್ ಎಲ್ಕಿನ್ಸ್ ಶುರುಮಾಡಿದ ಮಟ್‌ನ ಶಕ್ತಿ ಸಣ್ಣದಲ್ಲ. ನೂರಾರು ಪತ್ರಗಳ ಚರ್ಚೆಯನ್ನು ಎಳೆ ಎಳೆಯಾಗಿ ಜೋಡಿಸಿ ತೋರಿಸುತ್ತದೆ, ಒಂದು ಷರತ್ತು ಕೊಟ್ಟರೆ ಅದಕ್ಕೊಪ್ಪುವ ಪತ್ರಗಳನ್ನೆಲ್ಲ ಒಟ್ಟಿಗೆ ಗುರುತಿಸುತ್ತದೆ. ಆದರೆ ಬರೆಯಲು ಅದಕ್ಕೆ ಬೇರೆ ಎಡಿಟರ್ ಬೇಕು, ಎಚ್‌ಟಿಎಂಎಲ್ ಪತ್ರ ಓದಿಸಲು ಡಬ್ಲ್ಯೂ3ಎಂ ಅಥವಾ ಲಿಂಕ್ಸ್‌ನಂಥ ಪಠ್ಯ ಬ್ರೌಸರ್ ಬೇಕು, ವರ್ಷಗಳ ಪತ್ರರಾಶಿಯಲ್ಲಿ ಕ್ಷಣದಲ್ಲಿ ಹುಡುಕಲು ನಾಟ್‌ಮಚ್ ಬೇಕು. ಜಿಮೇಲ್ ಖಾತೆಯಾದರೆ ಇನ್ನೊಂದು ಹೆಜ್ಜೆ ಇದೆ. 2022ರ ಮೇ ಕೊನೆಯಿಂದ ಗೂಗಲ್ ಇಂಥ ಪ್ರೋಗ್ರಾಂಗಳಿಗೆ ಮಾಮೂಲಿ ಪಾಸ್‌ವರ್ಡ್ ಒಪ್ಪುವುದನ್ನು ನಿಲ್ಲಿಸತೊಡಗಿತು. ಎರಡು ಹಂತದ ಪರಿಶೀಲನೆ ಇಟ್ಟುಕೊಂಡು ಆ್ಯಪ್ ಪಾಸ್‌ವರ್ಡ್ ಪಡೆಯಬೇಕು, ಇಲ್ಲವೇ ಓಆತ್ ದಾರಿ ಹಿಡಿಯಬೇಕು.

ಕರ್ನಲ್‌ಗೆ ಪ್ಯಾಚ್ ಕಳಿಸುವುದೊಂದೇ ನಿಮ್ಮ ಗುರಿಯಾದರೆ ಇಷ್ಟೂ ಬೇಡ. ಜಿಮೇಲ್‌ನ ಬ್ರೌಸರ್ ಪುಟದಲ್ಲಿ ಪ್ಯಾಚ್ ಅಂಟಿಸಿದರೆ ಟ್ಯಾಬ್‌ಗಳು ಸ್ಪೇಸ್ ಆಗುತ್ತವೆ, ಸಾಲುಗಳು ಮುರಿಯುತ್ತವೆ, ಅದನ್ನು ಯಾರೂ ಬಳಸಲಾರರು. ಗಿಟ್‌ನ ಸೆಂಡ್-ಇಮೇಲ್ ಕಮಾಂಡ್ ಆ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತದೆ. ಉತ್ತರಗಳನ್ನು ಓದುವುದು ನಿಮಗೆ ಹಿತವಾದ ಕಡೆ ಆಗಲಿ.

ತಪ್ಪು ಕಲ್ಪನೆ: ಟರ್ಮಿನಲ್‌ನಲ್ಲಿ ಕನ್ನಡ ಪತ್ರ ಸಾಧ್ಯವಿಲ್ಲ.

ಇಲ್ಲಿ ಎರಡು ಸಂಗತಿ ಬೆರೆತಿವೆ. ಕಳಿಸುವ ವಿಷಯಕ್ಕೆ ಬಂದರೆ ಪುಟ್ಟದ್ದಕ್ಕೂ ದೊಡ್ಡದಕ್ಕೂ ನಿಜವಾದ ಅಂತರವಿದೆ. ಬರ್ಕ್ಲಿಯ ಮೇಲ್ ಬಂದದ್ದು ಆಸ್ಕಿಯ ಕಾಲದಲ್ಲಿ. ಬೇರೆ ಲಿಪಿಗಳಿಗೆ ದಾರಿ ಮಾಡಿದ ಮೈಮ್ ನಿಯಮ ಬಂದದ್ದು 1992ರಲ್ಲಿ. ಆ ನಿಯಮ ಅರಿಯದ ಪ್ರೋಗ್ರಾಂ ಕನ್ನಡ ಪಠ್ಯ ಯಾವ ಎನ್‌ಕೋಡಿಂಗ್‌ನಲ್ಲಿದೆ ಎಂದು ತಿಳಿಸದೆ ಕಳಿಸುತ್ತದೆ, ಓದುವವರಿಗೆ ಕಸ ಕಾಣಬಹುದು. ಲೊಕೇಲ್ ಯುಟಿಎಫ್-8 ಆಗಿದ್ದರೆ ಮಟ್, ಆಲ್ಪೈನ್, ಎಸ್-ನೇಲ್ ಮೂರೂ ವಿಷಯದ ಸಾಲನ್ನೂ ಒಡಲನ್ನೂ ಸರಿಯಾಗಿಯೇ ಕಳಿಸುತ್ತವೆ.

ಪರದೆಯ ಮೇಲೆ ಕಾಣುವುದು ಬೇರೆ ಮಾತು. ಬಹುತೇಕ ಟರ್ಮಿನಲ್‌ಗಳು ಒಂದೊಂದು ಅಕ್ಷರಕ್ಕೆ ಒಂದೊಂದು ಅಳತೆಯ ಚೌಕ ಕೊಡುವುದರಿಂದ ನಮ್ಮ ಒತ್ತಕ್ಷರಗಳು ಒಡೆದು ಬೀಳುತ್ತವೆ. ತಪ್ಪು ಟರ್ಮಿನಲ್‌ನದು, ಇಮೇಲ್ ಪ್ರೋಗ್ರಾಂನದಲ್ಲ. ಇಮೇಲ್ ಪ್ರೋಗ್ರಾಂ ಬದಲಿಸಿದರೆ ಇದು ಸರಿಹೋಗುವುದಿಲ್ಲ. ಮಟ್‌ಗೆ ಕಿಟಕಿಯಲ್ಲಿ ತೆರೆಯುವ ಎಡಿಟರ್ ಜೋಡಿಸಿಕೊಂಡರೆ ಬರೆಯುವಾಗಲಾದರೂ ಕನ್ನಡ ಕನ್ನಡವಾಗಿ ಕಾಣುತ್ತದೆ.

ತಪ್ಪು ಕಲ್ಪನೆ: ಒಂದನ್ನು ಆರಿಸಿದ ಮೇಲೆ ಅದಕ್ಕೇ ಕಟ್ಟುಬಿದ್ದಂತೆ.

ಕಟ್ಟಿಹಾಕುವುದು ಪತ್ರ ಇಡುವ ರೀತಿ. ಎಂಬಾಕ್ಸ್ ಪದ್ಧತಿಯಲ್ಲಿ ಎಲ್ಲ ಪತ್ರಗಳೂ ಒಂದೇ ಕಡತದಲ್ಲಿ. ಎರಡು ಪ್ರೋಗ್ರಾಂಗಳು ಏಕಕಾಲಕ್ಕೆ ಬೀಗವಿಲ್ಲದೆ ಕೈಹಾಕಿದರೆ ಕಡತ ಕೆಡುತ್ತದೆ. ಡೇನಿಯಲ್ ಬರ್ನ್‌ಸ್ಟೀನ್ ತಮ್ಮ ಕ್ಯೂಮೇಲ್‌ಗಾಗಿ ರೂಪಿಸಿದ ಮೇಲ್‌ಡಿರ್‌ನಲ್ಲಿ ಪತ್ರಕ್ಕೊಂದು ಕಡತ. ಎಂಬಿಸಿಂಕ್ ಬಳಸಿ ಸರ್ವರಿನ ಪತ್ರಗಳನ್ನು ಮೇಲ್‌ಡಿರ್‌ಗೆ ಇಳಿಸಿಕೊಂಡರೆ ಮಟ್, ಅದರ ಕವಲಾದ ನಿಯೋಮಟ್, ಎಸ್-ನೇಲ್ ಯಾವುದರಿಂದಲಾದರೂ ಅದೇ ಪತ್ರಗಳನ್ನು ತೆರೆಯಬಹುದು. ಆಲ್ಪೈನ್ ಇಷ್ಟಪಡುವವರು ಅದನ್ನು ನೇರವಾಗಿ ಐಮ್ಯಾಪ್‌ಗೆ ಜೋಡಿಸಿಕೊಳ್ಳುವುದು ಒಳ್ಳೆಯದು. ಮೇಲ್‌ಡಿರ್ ಓದಲು ಅದಕ್ಕೆ ಪ್ರತ್ಯೇಕ ಪ್ಯಾಚ್ ಹಾಕಬೇಕಾಗುತ್ತದೆ.