ಕೌದಿ ಬೆಚ್ಚಗಿರುವುದು ಹೇಗೆ?

ಧಾರವಾಡದಿಂದ ಹುಬ್ಬಳ್ಳಿಗೆ ಹೋಗುವ ಹೆದ್ದಾರಿಯ ಮಗ್ಗುಲಿಗೆ ಸತ್ತೂರ ಎಂಬ ಊರಿದೆ. ಇಂದು ಅಲ್ಲಿ ವೈದ್ಯಕೀಯ ಮಹಾವಿದ್ಯಾಲಯವೂ ದೊಡ್ಡ ಆಸ್ಪತ್ರೆಯೂ ಇವೆ. ಅವಳಿ ನಗರಗಳ ನಡುವೆ ಓಡುವ ಬಸ್ಸುಗಳು ಹಗಲೆಲ್ಲ ಅದನ್ನು ಹಾಯ್ದುಹೋಗುತ್ತವೆ. ಆದರೂ ಪುಷ್ಯ ಮಾಸದ ನಸುಕಿನಲ್ಲಿ ಉಷ್ಣತೆ ೧೫ ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿಗೆ ಇಳಿದಾಗ, ಈ ಸೀಮೆಯ ಎಷ್ಟೋ ಮನೆಗಳಲ್ಲಿ ಮಕ್ಕಳ ಕೈ ಅಂಗಡಿಯಿಂದ ತಂದ ರಗ್ಗಿಗಿಂತ ಮೊದಲು ಅಜ್ಜಿಯ ಕೌದಿಯನ್ನೇ ಎಳೆದುಕೊಳ್ಳುತ್ತದೆ.

ಆ ಕೌದಿಯನ್ನು ಹಗಲು ಬೆಳಕಿನಲ್ಲಿ ಒಮ್ಮೆ ಹರವಿ ನೋಡಿರಿ. ಅಜ್ಜನ ಹಳೆಯ ಧೋತರ, ಅವ್ವನ ಸವೆದ ಇಳಕಲ್ಲ ಸೀರೆ, ಗುಳೇದಗುಡ್ಡದ ಖಣದ ಕುಬುಸದ ತೋಳು, ತಮ್ಮನಿಗೆ ಗಿಡ್ಡವಾದ ಶಾಲೆಯ ಅಂಗಿ, ಸಿಂಪಿಗನ ಅಂಗಡಿಯಲ್ಲಿ ಕತ್ತರಿಯಿಂದ ಕೆಳಗೆ ಬಿದ್ದ ಮೂಲೆ ತುಂಡುಗಳು, ಎಲ್ಲವೂ ಅದರಲ್ಲಿ ಸೇರಿವೆ. ಇವುಗಳಲ್ಲಿ ಪ್ರತಿಯೊಂದನ್ನೂ “ಇನ್ನು ಇದು ಬಾರದು” ಎಂದು ಯಾರೋ ತೆಗೆದಿಟ್ಟಿದ್ದರು. ಹಾಗಾದರೆ ಬಾರದ ಹತ್ತು ವಸ್ತುಗಳು ಕೂಡಿ ಹಲವು ವರ್ಷ ಬಾಳುವ ಒಂದು ವಸ್ತು ಆದುದು ಹೇಗೆ? ಈ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ ಹೋದರೆ ಭೌತಶಾಸ್ತ್ರದ ಕೆಲವು ಪಾಠಗಳನ್ನೂ ಸಂಭಾವ್ಯತೆಯ ಗಣಿತವನ್ನೂ ನಾವು ಮನೆಯ ಹಾಸಿಗೆಯಲ್ಲಿಯೇ ಕಾಣಬಹುದು.

ಕಾವು ಕಾಯುವ ಗಾಳಿ

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬಿಡಬೇಕು. ಕೌದಿ ನಮಗೆ ಶಾಖವನ್ನು ಕೊಡುವುದಿಲ್ಲ. ಶಾಖವನ್ನು ಉತ್ಪಾದಿಸುವುದು ನಮ್ಮ ದೇಹವೇ. ನಿದ್ರಿಸುತ್ತಿರುವ ವಯಸ್ಕ ಮನುಷ್ಯನ ದೇಹದಿಂದ ಸುಮಾರು ೭೦-೮೦ ವಾಟ್‌ನಷ್ಟು ಶಾಖವು ಹೊರಬೀಳುತ್ತಲೇ ಇರುತ್ತದೆ. ಹಾಗೆ ಹೊರಬಿದ್ದ ಶಾಖವು ಬೇಗನೆ ಹರಿದು ಹೋಗದಂತೆ ತಡೆಯುವುದಷ್ಟೇ ಹೊದಿಕೆಯ ಕೆಲಸ.

ಆ ತಡೆಯುವ ಕೆಲಸದಲ್ಲಿ ಬಹುಪಾಲು ಗಾಳಿಯದು. ನಿಶ್ಚಲವಾದ ಗಾಳಿ ಶಾಖವನ್ನು ಸಾಗಿಸುವುದರಲ್ಲಿ ಬಲು ಸೋಮಾರಿ. ಅದರ ಉಷ್ಣವಾಹಕತೆಯನ್ನು ೧ ಎಂದಿಟ್ಟುಕೊಂಡರೆ ನೀರಿನದು ಸುಮಾರು ೨೪, ತಾಮ್ರದ್ದು ಸುಮಾರು ೧೫,೦೦೦ ಆಗುತ್ತದೆ. ಆದರೆ ಗಾಳಿಗೆ ಒಂದು ದುರ್ಗುಣವಿದೆ. ಅದು ನಿಂತಲ್ಲಿ ನಿಲ್ಲುವುದಿಲ್ಲ. ಮೈಗೆ ತಾಗಿ ಬಿಸಿಯಾದ ಗಾಳಿ ಹಗುರಾಗಿ ಮೇಲೇರುತ್ತದೆ, ತಂಪು ಗಾಳಿ ಆ ಜಾಗಕ್ಕೆ ಬರುತ್ತದೆ. ಈ ಸಂವಹನವನ್ನು ತಪ್ಪಿಸಬೇಕಾದರೆ ಗಾಳಿಯನ್ನು ಸಣ್ಣ ಸಣ್ಣ ಸಂದುಗಳಲ್ಲಿ ಕೂಡಿಹಾಕಬೇಕು. ಕೆಲವು ಮಿಲಿಮೀಟರಿಗಿಂತ ಕಿರಿದಾದ ಸಂದಿನಲ್ಲಿ ಗಾಳಿಗೆ ಸುತ್ತಾಡಲು ಎಡೆಯಿರುವುದಿಲ್ಲ. ಹತ್ತಿಯ ಎಳೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದು ನುಣುಪಾದ ಕಡ್ಡಿಯಂತಿರದೆ, ಒಳಗೆ ಟೊಳ್ಳಿರುವ, ಹುರಿಗೊಂಡ ಪಟ್ಟಿಯಂತೆ ಕಾಣುತ್ತದೆ. ಇಂಥ ಎಳೆಗಳು ಒಂದಕ್ಕೊಂದು ಒತ್ತಿಕೊಂಡು ಮಲಗಲಾರವು. ನಡುವೆ ಗಾಳಿಗೆ ಸಾವಿರಾರು ಗೂಡುಗಳು ಉಳಿಯುತ್ತವೆ.

ಕೌದಿಯಲ್ಲಿ ಎಷ್ಟು ಗಾಳಿ ಇದೆಯೆಂಬುದನ್ನು ನೀವೇ ಲೆಕ್ಕ ಹಾಕಬಹುದು. ಉದಾಹರಣೆಗೆ, ೨ ಮೀಟರು ಉದ್ದ, ೧.೫ ಮೀಟರು ಅಗಲ, ೫ ಮಿಲಿಮೀಟರು ದಪ್ಪವಿರುವ ಒಂದು ಕೌದಿಯನ್ನು ಎತ್ತಿಕೊಳ್ಳೋಣ. ಅದರ ಗಾತ್ರ ೧೫ ಲೀಟರು. ತೂಕ ೩ ಕಿಲೋಗ್ರಾಮು ಎನ್ನೋಣ. ಹತ್ತಿಯ ಎಳೆಯ ಸಾಂದ್ರತೆ ಲೀಟರಿಗೆ ಸುಮಾರು ೧.೫ ಕಿಲೋಗ್ರಾಮು. ಅಂದಮೇಲೆ ಈ ಕೌದಿಯಲ್ಲಿ ಹತ್ತಿ ಆಕ್ರಮಿಸಿರುವ ಸ್ಥಳ ಕೇವಲ ೨ ಲೀಟರು. ಉಳಿದ ೧೩ ಲೀಟರು ಗಾಳಿ! ನೂರಕ್ಕೆ ಎಂಬತ್ತಾರಕ್ಕೂ ಮಿಗಿಲಾದ ಭಾಗ ಗಾಳಿಯೇ ಆಗಿರುವ ವಸ್ತುವನ್ನು ನಾವು ಅರಿವೆಯೆಂದು ಕರೆಯುತ್ತಿದ್ದೇವೆ. ನಿಮ್ಮ ಮನೆಯ ಕೌದಿಯನ್ನು ತೂಗಿ, ಅಳೆದು, ಇದೇ ಲೆಕ್ಕವನ್ನು ಮಾಡಿ ನೋಡಿರಿ.

ಹಾಗಾದರೆ ಹೊದಿಕೆಗೆ ಹೊಸ ಬಟ್ಟೆಯೇ ಬೇಕೆಂದಿಲ್ಲ. ಗಾಳಿಯನ್ನು ಹಿಡಿದಿಡಲು ಹಳೆಯ ಬಟ್ಟೆಯೂ ಸಾಕು. ಇನ್ನೊಂದು ದೃಷ್ಟಿಯಿಂದ ಹಳೆಯದೇ ಮೇಲು. ಹೊಸ ಬಟ್ಟೆಯಲ್ಲಿ ಗಂಜಿಯ ಬಿಗುವು ಇರುತ್ತದೆ. ನೀರಿಗೆ ಹಾಕಿದೊಡನೆ ಅದು ಕುಗ್ಗುತ್ತದೆ. ಬೇರೆಬೇರೆ ಹೊಸ ತುಂಡುಗಳನ್ನು ಕೂಡಿಸಿ ಹೊಲಿದರೆ, ಮೊದಲ ಸಲ ಒಗೆದಾಗಲೇ ಒಂದೊಂದು ಒಂದೊಂದು ಪ್ರಮಾಣದಲ್ಲಿ ಕುಗ್ಗಿ ಹೊಲಿಗೆಯೆಲ್ಲ ಮುದುಡಿಕೊಳ್ಳುತ್ತದೆ. ನೂರು ಸಲ ಒಗೆತ ಕಂಡ ಸೀರೆ ಕುಗ್ಗಬೇಕಾದಷ್ಟು ಮೊದಲೇ ಕುಗ್ಗಿರುತ್ತದೆ.

ದುರ್ಬಲರ ಒಕ್ಕೂಟ

ಆದರೆ ಹಳೆಯ ಬಟ್ಟೆ ದುರ್ಬಲವಲ್ಲವೇ? ನಿಜ. ಹತ್ತಿಯೆಂದರೆ ಸೆಲ್ಯುಲೋಸ್ ಎಂಬ ವಸ್ತುವಿನ ಉದ್ದನೆಯ ಸರಪಳಿಗಳು. ಬಿಸಿಲು, ಗಾಳಿ, ತಿಕ್ಕಾಟಗಳಿಂದ ಆ ಸರಪಳಿಗಳು ತುಂಡಾಗುತ್ತ ಬಂದಂತೆ ಎಳೆ ಬಲಗುಂದುತ್ತದೆ. ಆದರೆ ಈ ಸವೆತ ಎಲ್ಲೆಡೆ ಒಂದೇ ಸಮನಾಗಿರುವುದಿಲ್ಲ. ಧೋತರ ಸವೆಯುವುದು ಕುಳಿತುಕೊಳ್ಳುವ ಭಾಗದಲ್ಲಿ. ಅಂಗಿ ಕೊರಳಪಟ್ಟಿಯಲ್ಲಿ ಮತ್ತು ಮೊಳಕೈಯಲ್ಲಿ. ಸೀರೆ ನೆಲಕ್ಕೆ ತಾಗುವ ಅಂಚಿನಲ್ಲಿ. ಬಟ್ಟೆ “ಹೋಯಿತು” ಎಂದು ನಾವು ಹೇಳುವಾಗ ಅದರ ಬಹುಭಾಗ ಇನ್ನೂ ಗಟ್ಟಿಯಾಗಿಯೇ ಇರುತ್ತದೆ.

ಇಲ್ಲಿ ಗಣಿತ ನೆರವಿಗೆ ಬರುತ್ತದೆ. ಒಂದು ಪದರದ ಹತ್ತನೆಯ ಒಂದು ಭಾಗ ಸವೆದಿದೆ ಎಂದುಕೊಳ್ಳಿ. ಅಂಥ ಮೂರು ಪದರಗಳನ್ನು ಹೇಗೆಂದರೆ ಹಾಗೆ ಒಂದರ ಮೇಲೊಂದು ಹಾಸಿದರೆ, ಮೂರರ ಸವೆತವೂ ಒಂದೇ ಜಾಗದಲ್ಲಿ ಕೂಡಿಬರುವ ಸಂಭವ ೧/೧೦ × ೧/೧೦ × ೧/೧೦, ಅಂದರೆ ಸಾವಿರಕ್ಕೆ ಒಂದು. ಕೌದಿ ಹೊಲಿಯುವ ಹೆಂಗಸು ಇದನ್ನು ಅದೃಷ್ಟಕ್ಕೂ ಬಿಡುವುದಿಲ್ಲ. ತೂತಿನ ಮೇಲೆ ಗಟ್ಟಿ ತುಂಡನ್ನು ಇಡುತ್ತಾಳೆ. ತೀರ ಜಾಳಾದುದನ್ನು ಒಳಪದರಕ್ಕೆ ಸೇರಿಸಿ, ಬಲವಾದುದನ್ನು ಮೇಲಕ್ಕೆ ತರುತ್ತಾಳೆ. ಗೋಡೆ ಕಟ್ಟುವವನು ಇಟ್ಟಿಗೆಗಳ ಸಂದುಗಳು ಒಂದರ ಮೇಲೊಂದು ಬಾರದಂತೆ ನೋಡಿಕೊಳ್ಳುವುದೂ ಇದೇ ತತ್ವದ ಮೇಲೆ.

ಇನ್ನೊಂದು ಸೂಕ್ಷ್ಮವೂ ಇದೆ. ನೇಯ್ದ ಬಟ್ಟೆಯನ್ನು ಹಾಸಿನ ದಿಕ್ಕಿಗಾಗಲಿ ಹೊಕ್ಕಿನ ದಿಕ್ಕಿಗಾಗಲಿ ಎಳೆದರೆ ಅದು ಹೆಚ್ಚು ಹಿಗ್ಗದು. ಓರೆಯಾಗಿ ಎಳೆದರೆ ಸುಲಭವಾಗಿ ಹಿಗ್ಗಿ ಆಕಾರಗೆಡುತ್ತದೆ. ಕರವಸ್ತ್ರವೊಂದನ್ನು ಮೂಲೆ ಹಿಡಿದು ಎಳೆದರೆ ಇದು ಗೊತ್ತಾಗುತ್ತದೆ. ಕೌದಿಯಲ್ಲಿ ತುಂಡುಗಳು ನಾನಾ ದಿಕ್ಕಿಗೆ ಮುಖಮಾಡಿ ಕುಳಿತಿರುವುದರಿಂದ ಒಂದರ ಓರೆ ಇನ್ನೊಂದರ ಹಾಸಿಗೆ ಎದುರಾಗುತ್ತದೆ. ಕಟ್ಟಿಗೆಯ ತೆಳು ಹಾಳೆಗಳನ್ನು ಅಡ್ಡ-ಉದ್ದ ಅಂಟಿಸಿ ಮಾಡುವ ಪ್ಲೈವುಡ್ ಹಲಗೆ ಯಾವ ಕಡೆಗೂ ಸೀಳದಿರುವುದು ಈ ಕಾರಣದಿಂದಲೇ.

ಇಪ್ಪತ್ತು ಸಾವಿರ ಸಲ ಸೂಜಿ

ಪದರಗಳನ್ನು ಸುಮ್ಮನೆ ಹಾಸಿದರೆ ಕೌದಿಯಾಗದು. ಸೂಜಿಯನ್ನು ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಹಾಯಿಸುತ್ತ ಸಾಗುವ ಸರಳ ಹೊಲಿಗೆಯೇ ಅದರ ಜೀವ. ಪದರಗಳು ಜಾರದಂತೆ ಅದು ಹಿಡಿಯುತ್ತದೆ. ಒಂದು ಕಡೆ ಬಿದ್ದ ಎಳೆತವನ್ನು ಸುತ್ತಲಿನ ಎಲ್ಲ ಪದರಗಳಿಗೂ ಹಂಚುತ್ತದೆ. ಒಂದು ತುಂಡು ಹರಿದರೂ ಆ ಹರಿತ ಮುಂದಿನ ಹೊಲಿಗೆಯ ಸಾಲಿನಲ್ಲಿ ತಡೆದು ನಿಲ್ಲುತ್ತದೆ. ಆದರೆ ಹೊಲಿಗೆ ಬಿದ್ದಲ್ಲಿ ಪದರಗಳು ಒತ್ತಿಕೊಂಡು ಗಾಳಿ ಕಡಿಮೆಯಾಗುತ್ತದೆ. ಸಾಲುಗಳು ತೀರ ದಟ್ಟವಾದರೆ ಬಾಳಿಕೆ ಹೆಚ್ಚಿದರೂ ಬೆಚ್ಚನೆ ತಗ್ಗುತ್ತದೆ. ತೀರ ವಿರಳವಾದರೆ ಅರಿವೆ ಉಂಡೆಗಟ್ಟುತ್ತದೆ. ಈ ಎರಡರ ನಡುವಿನ ಅಳತೆಯನ್ನು ಹೊಲಿಯುವವಳ ಬೆರಳು ಬಲ್ಲದು.

ಈ ಬೆರಳಿನ ದುಡಿಮೆಯನ್ನೂ ಲೆಕ್ಕ ಹಾಕೋಣ. ಸಾಲಿನಿಂದ ಸಾಲಿಗೆ ೧.೫ ಸೆಂಟಿಮೀಟರು ಅಂತರವಿಟ್ಟರೆ, ಮೇಲೆ ಹೇಳಿದ ಕೌದಿಯಲ್ಲಿ ಹೊಲಿಗೆಯ ಒಟ್ಟು ಉದ್ದ ೨೦೦ ಮೀಟರು. ಸೆಂಟಿಮೀಟರಿಗೆ ಒಂದು ಹೊಲಿಗೆಯಂತೆ ೨೦,೦೦೦ ಹೊಲಿಗೆಗಳು. ಕೈ ನಿಲ್ಲದೆ ನಿಮಿಷಕ್ಕೆ ೨೦ ಹೊಲಿಗೆ ಹಾಕಿದರೂ ಹದಿನಾರು ಗಂಟೆಗಳ ಮೇಲೆ ಬೇಕು. ತುಂಡುಗಳನ್ನು ಆಯ್ದು, ಕತ್ತರಿಸಿ, ಹೊಂದಿಸುವ ಕಾಲ ಇದರಲ್ಲಿ ಸೇರಿಲ್ಲ. ಚಿಂದಿಗೆ ಬೆಲೆಯಿಲ್ಲವೆಂದು ಕೌದಿಯೂ ಪುಕ್ಕಟೆಯಾದುದೆಂದು ಬಗೆಯುವವರು ಈ ಅಂಕಿಗಳನ್ನು ನೆನಪಿನಲ್ಲಿಡಬೇಕು.

ಸಿದ್ದಿ ಹೆಂಗಸರ ಸಂಘ

ಈ ದುಡಿಮೆಗೆ ಹೆಸರನ್ನೂ ಬೆಲೆಯನ್ನೂ ದೊರಕಿಸಲು ನಡೆದ ಒಂದು ಪ್ರಯತ್ನವನ್ನು ಕಾಣಬೇಕಾದರೆ, ಧಾರವಾಡದ ಬಯಲನ್ನು ಬಿಟ್ಟು ನೆರೆಯ ಉತ್ತರ ಕನ್ನಡ ಜಿಲ್ಲೆಯ ಕಾಡಿನ ಕಡೆಗೆ ನಡೆಯಬೇಕು. ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲೂಕುಗಳಲ್ಲಿ ಸಿದ್ದಿ ಜನ ವಾಸಿಸುತ್ತಾರೆ. ಆಫ್ರಿಕದಿಂದ ಗುಲಾಮರಾಗಿ ಭಾರತದ ಪಶ್ಚಿಮ ತೀರಕ್ಕೆ ಬಂದವರ ಸಂತತಿಯವರು ಇವರು. ಹಲವರ ಪೂರ್ವಜರು ಗೋವೆಯ ಒಡೆಯರಿಂದ ತಪ್ಪಿಸಿಕೊಂಡು ಈ ಕಾಡುಗಳನ್ನು ಸೇರಿದರು. ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು ಮೂವರೂ ಇವರಲ್ಲಿದ್ದಾರೆ. ಕೌದಿ ಹೊಲಿಯುವ ಕಲೆ ಮೂವರಿಗೂ ಸಮಾನ.

ಇವರ ಕ್ರಮ ಗಮನಿಸತಕ್ಕದ್ದು. ಅಮೆರಿಕದ ಹೆಂಗಸರು ಸಾಮಾನ್ಯವಾಗಿ ತುಂಡುಗಳನ್ನು ಜೋಡಿಸಿ ಮೇಲ್ಪದರವನ್ನು ಮೊದಲು ಸಿದ್ಧಪಡಿಸಿಕೊಂಡು, ಅನಂತರ ಅದನ್ನು ಕೆಳಪದರಕ್ಕೆ ಕೂಡಿಸಿ ಹೊಲಿಯುತ್ತಾರೆ. ಸಿದ್ದಿ ಹೆಂಗಸರಾದರೋ ಹಳೆಯ ಸೀರೆಯೊಂದನ್ನು ಹಾಸಿಕೊಂಡು, ಅಂಚಿನಿಂದ ಆರಂಭಿಸಿ, ತುಂಡಿನ ಮೇಲೆ ತುಂಡನ್ನಿಡುತ್ತ, ಅದರ ಅಂಚನ್ನು ಒಳಕ್ಕೆ ಮಡಚುತ್ತ, ಸುತ್ತುಸುತ್ತಾಗಿ ನಡುವಿನೆಡೆಗೆ ಹೊಲಿಯುತ್ತ ಬರುತ್ತಾರೆ. ಜೋಡಣೆಯೂ ಹೊಲಿಗೆಯೂ ಒಂದೇ ಕೈಯಲ್ಲಿ ಮುಗಿಯುತ್ತವೆ. ಎಷ್ಟೇ ವಕ್ರವಾದ ತುಂಡಿಗೂ ಇದರಲ್ಲಿ ಜಾಗವುಂಟು. ಕೊನೆಗೆ ನಾಲ್ಕು ಮೂಲೆಗಳಿಗೆ ಮಡಚಿದ ತ್ರಿಕೋನದ ‘ಹೂವು’ಗಳನ್ನು ಇಡುತ್ತಾರೆ. ಅವಿಲ್ಲದ ಕೌದಿ ಅವರ ಕಣ್ಣಿಗೆ ಅಪೂರ್ಣ.

೨೦೦೪ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರರಾದ ಹೆನ್ರಿ ಡ್ರೂವಲ್ ಅವರ ನೆರವಿನಿಂದ ಸಿದ್ದಿ ಹೆಂಗಸರದೇ ಒಂದು ಕೌದಿ ಸಹಕಾರ ಸಂಘ ರೂಪುಗೊಂಡಿತು. ೨೦೧೧ರಲ್ಲಿ ಇವರ ಕೌದಿಗಳು ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಮನೆಯ ಮೂಲೆಯಲ್ಲಿ ಮಡಚಿಟ್ಟ ವಸ್ತುವನ್ನು ಪರದೇಶದ ಗೋಡೆಯ ಮೇಲೆ ಜನ ನಿಂತು ನೋಡಿದರು. ಇಂಥ ಸಂಘದಿಂದ ದೊರೆಯುವ ಲಾಭ ಹಣದ್ದಷ್ಟೇ ಅಲ್ಲ. ಒಬ್ಬಳ ಗಂಟಿನಲ್ಲಿ ಬಿಳಿಯ ಚಿಂದಿ ಹೆಚ್ಚಾಗಿರುತ್ತದೆ, ಇನ್ನೊಬ್ಬಳಲ್ಲಿ ಕೆಂಪು. ಕೂಡಿ ಕುಳಿತರೆ ಇಬ್ಬರ ಕೊರತೆಯೂ ನೀಗುತ್ತದೆ. ಎಲ್ಲಿಯೂ ಬರೆದಿಡದ ವಿದ್ಯೆ ಹಿರಿಯಳ ಕೈಯನ್ನು ನೋಡುತ್ತ ಕುಳಿತ ಹುಡುಗಿಗೆ ದಾಟುತ್ತದೆ.

ಚಿಂದಿಯೇ ಬದಲಾಗಿದೆ

ಈಗ ಈ ವಿದ್ಯೆಗೆ ಹೊಸದೊಂದು ತೊಡಕು ಬಂದಿದೆ. ೧೯೪೧ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬ ರಸಾಯನಶಾಸ್ತ್ರಜ್ಞರು ಪಾಲಿಯೆಸ್ಟರ್ ಎಳೆಯನ್ನು ಕಂಡುಹಿಡಿದರು. ಇಂದು ಮನೆಯ ಹಳೆಯ ಬಟ್ಟೆಯ ಗಂಟನ್ನು ಬಿಚ್ಚಿದರೆ ಅದರಲ್ಲಿ ಈ ಎಳೆಯದೇ ದೊಡ್ಡ ಪಾಲು. ಧಾರವಾಡದ ಕರಿ ಮಣ್ಣು ಹತ್ತಿಗೆ ಹೆಸರಾದದ್ದು. ೧೯೭೨ರಲ್ಲಿ ‘ವರಲಕ್ಷ್ಮಿ’ ಎಂಬ ಪ್ರಸಿದ್ಧ ಮಿಶ್ರತಳಿ ಹೊರಬಂದದ್ದೂ ಇಲ್ಲಿಂದಲೇ. ಅಂಥ ಊರಿನ ಮನೆಗಳಲ್ಲಿಯೇ ಅಚ್ಚ ಹತ್ತಿಯ ಹಳೆಯ ಸೀರೆ ಅಪರೂಪವಾಗುತ್ತಿದೆ.

ಪಾಲಿಯೆಸ್ಟರ್ ಗಟ್ಟಿ, ಬೇಗ ಒಣಗುತ್ತದೆ, ಕೊಳೆಯದು. ಆದರೆ ನಿದ್ರೆಯಲ್ಲಿ ನಮ್ಮ ಚರ್ಮದಿಂದ ಕಾಣದಂತೆ ನೀರು ಆವಿಯಾಗುತ್ತಿರುತ್ತದೆ. ಸಾಧಾರಣ ಹವೆಯಲ್ಲಿ ೧೦೦ ಗ್ರಾಮು ಒಣ ಹತ್ತಿ ಸುಮಾರು ೮ ಗ್ರಾಮು ತೇವವನ್ನು ಹೀರಿಕೊಳ್ಳಬಲ್ಲದು. ಅಷ್ಟೇ ತೂಕದ ಪಾಲಿಯೆಸ್ಟರ್ ಅರ್ಧ ಗ್ರಾಮನ್ನೂ ಹೀರದು. ಅಂಥ ಕೌದಿಯ ಕೆಳಗೆ ಮೈ ಜಿಗುಟಾಗುತ್ತದೆ. ಇದಕ್ಕಿಂತ ದೊಡ್ಡ ಅಪಾಯ ಬೆಂಕಿಯದು. ಹತ್ತಿಯೂ ಉರಿಯುತ್ತದೆ, ಆದರೆ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಸುಮಾರು ೨೫೦-೨೬೦ ಡಿಗ್ರಿಯಲ್ಲಿ ಕರಗಿ ಹನಿಯಾಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಒಲೆಯ ಬಳಿ ಮಲಗುವ ಮನೆಗಳಲ್ಲಿಯೂ ಕೂಸಿನ ಹೊದಿಕೆಯಲ್ಲಿಯೂ ಈ ಭೇದವನ್ನು ಮರೆಯಬಾರದು.

ಆದುದರಿಂದ ಹೊಲಿಯುವ ಮೊದಲು ಚಿಂದಿಯನ್ನು ವಿಂಗಡಿಸಬೇಕು. ಹಿರಿಯರನ್ನು ಹತ್ತಿರ ಕರೆದುಕೊಂಡು, ಪಕ್ಕದಲ್ಲಿ ನೀರಿಟ್ಟುಕೊಂಡು, ತುಂಡಿನಿಂದ ಒಂದೆರಡು ಎಳೆಗಳನ್ನು ಕಿತ್ತು ಚಿಮುಟದಲ್ಲಿ ಹಿಡಿದು ಸುಟ್ಟು ನೋಡಿರಿ. ಕಾಗದ ಸುಟ್ಟ ವಾಸನೆ ಬಂದು ಮೆತ್ತನೆಯ ಬೂದಿ ಉಳಿದರೆ ಹತ್ತಿ. ಮುದುಡಿ ಗಟ್ಟಿ ಮಣಿಯಂತಾದರೆ ಪಾಲಿಯೆಸ್ಟರ್. ಎರಡೂ ಕಂಡರೆ ಮಿಶ್ರ ಬಟ್ಟೆ. ಹತ್ತಿಯದು ಕೌದಿಗೆ ಇರಲಿ, ಉಳಿದದ್ದು ಕೈಚೀಲಕ್ಕೂ ಕಾಲೊರಸಿಗೂ ಸಲ್ಲಲಿ.

ಕೊನೆಯದಾಗಿ ಒಂದು ಪ್ರಯೋಗ. ಒಂದೇ ಅಳತೆಯ ಮೂರು ಸ್ಟೀಲಿನ ಲೋಟಗಳಲ್ಲಿ ಸಮನಾಗಿ ಬಿಸಿನೀರು ತುಂಬಿ ಮುಚ್ಚಿರಿ. ಒಂದನ್ನು ಹಾಗೆಯೇ ಬಿಡಿ. ಎರಡನೆಯದಕ್ಕೆ ಹಳೆಯ ಧೋತರದ ಎಂಟು ಪದರಗಳನ್ನು ಸಡಿಲವಾಗಿ ಸುತ್ತಿ. ಮೂರನೆಯದಕ್ಕೂ ಎಂಟು ಪದರಗಳನ್ನೇ, ಆದರೆ ನೀರಿನಲ್ಲಿ ನೆನೆಸಿ ಸುತ್ತಿ. ಐದೈದು ನಿಮಿಷಕ್ಕೊಮ್ಮೆ ಉಷ್ಣಮಾಪಕದಿಂದ ಅಳೆದು ಬರೆದಿಡಿ. ಎರಡನೆಯದು ಎಲ್ಲಕ್ಕಿಂತ ಹೆಚ್ಚು ಹೊತ್ತು ಬಿಸಿಯಾಗಿರುತ್ತದೆ. ಮೂರನೆಯದು ಬರಿಯ ಲೋಟಕ್ಕಿಂತಲೂ ಬೇಗ ಆರುತ್ತದೆ. ಅಲ್ಲಿ ಗಾಳಿಯ ಜಾಗವನ್ನು ನೀರು ಹಿಡಿದಿದೆ, ಆ ನೀರು ಆವಿಯಾಗುತ್ತ ಶಾಖವನ್ನೂ ಒಯ್ಯುತ್ತಿದೆ. ಹಬ್ಬದ ಮುಂಚೆ ಅಜ್ಜಿ ಕೌದಿಗಳನ್ನೆಲ್ಲ ಒಗೆದು, ಎರಡು ದಿನ ಬಿಸಿಲಿಗೆ ಹಾಕಿ, ಒಳಪದರವನ್ನು ಕೈಯಿಂದ ಅದುಮಿ ನೋಡಿಯೇ ಮಡಚಿಡುವುದೇಕೆಂಬುದು ಆಗ ನಿಮಗೆ ತಾನಾಗಿ ಹೊಳೆಯುವುದು.