ಗಾಡಿಯ ವೈರ್‌ಲೆಸ್ ಸೆಟ್ಟು ಬ್ಯಾಟರಿ ನುಂಗದಿರಲಿ



2009ರ ಅಕ್ಟೋಬರಿನಲ್ಲಿ ಕೃಷ್ಣಾ, ತುಂಗಭದ್ರಾ ಉಕ್ಕಿ ಬಂದದ್ದನ್ನು ರಾಯಚೂರಿನಿಂದ ಗದ್ವಾಲದವರೆಗಿನ ನಮ್ಮವರು ಮರೆತಿಲ್ಲ. ನೆರೆ ಬಂದಾಗ ಕರೆಂಟು, ಮೊಬೈಲು ಕೈಕೊಟ್ಟರೂ ಲೈಸೆನ್ಸ್ ಇರುವ ಹ್ಯಾಮ್ ರೇಡಿಯೊ ಬಂಧುಗಳ ಗಾಡಿಯ ಸೆಟ್ಟು ನೆರವಿಗೆ ಬರುತ್ತದೆ. ಆದರೆ ಗಾಡಿಯೇ ಚಾಲೂ ಆಗದಿದ್ದರೆ?

ಮಾತಾಡುವಾಗ ಸೆಟ್ಟು ಸುಮಾರು 10 ಆಂಪಿಯರ್ ಎಳೆದರೂ ಅದು ಕ್ಷಣದ ಹೊತ್ತು. ಬ್ಯಾಟರಿ ಬರಿದು ಮಾಡುವುದು ಬಂದ್ ಮಾಡಲು ಮರೆತ ಸೆಟ್ಟು. ಸುಮ್ಮನೆ ಕೇಳುತ್ತಿದ್ದರೂ ಅರ್ಧ ಆಂಪಿಯರ್ ಎಂದರೆ ದಿನಕ್ಕೆ 12 ಆಂಪಿಯರ್-ಅವರ್. ಸಣ್ಣ ಕಾರಿನ ಬ್ಯಾಟರಿ ಸುಮಾರು 35ರದ್ದು. ಎರಡು ದಿನ ಕಳೆದರೆ ಸ್ಟಾರ್ಟರ್ ತಿರುಗುವುದೇ ಕಷ್ಟ.

ಉಪಾಯ ಸರಳ. ಸೆಟ್ಟಿಗೆ ದಪ್ಪ ವೈರನ್ನು ನೇರ ಬ್ಯಾಟರಿಯಿಂದ ತನ್ನಿ, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಹಾಕಿ. ಕೀಲಿಯ ತೆಳು ವೈರು ಅಷ್ಟು ಕರೆಂಟು ತಾಳದು. ಆದ್ದರಿಂದ ದಪ್ಪ ವೈರಿನ ನಡುವೆ 30 ಆಂಪಿಯರಿನ ರಿಲೇ ಕೂಡಿಸಿ, ಕೀಲಿಯ ವೈರನ್ನು ರಿಲೇಯ ಕಾಯಿಲಿಗೆ ಮಾತ್ರ ಕೊಡಿ. ಕೀಲಿ ತೆಗೆದೊಡನೆ ಸೆಟ್ಟೂ ಬಂದ್.

ಗಾಡಿ ನಿಲ್ಲಿಸಿ ತಾಸುಗಟ್ಟಲೆ ಕೇಳಬೇಕಾದವರು ಸೆಟ್ಟಿಗೇ ಬೇರೆ ಬ್ಯಾಟರಿ ಇಟ್ಟುಕೊಳ್ಳುವುದು ಒಳ್ಳೆಯದು. ಇಲ್ಲವೇ ಮೀಟರು 12.2 ವೋಲ್ಟ್ ತೋರಿಸಿದೊಡನೆ ಎಂಜಿನ್ ಚಾಲೂ ಮಾಡಿ.

ಮಕ್ತಲ್, ನಾರಾಯಣಪೇಟೆ, ಗದ್ವಾಲದ ಬಂಧುಗಳು ಈ ಕೆಲಸವನ್ನು ಮಳೆಗಾಲಕ್ಕೆ ಮುಂಚೆಯೇ ಮುಗಿಸಿಕೊಳ್ಳಿ.