ಪಕ್ಕದಲ್ಲಿ ಲಾರಿ ಸಾಗಿದಾಗ ಸ್ಕೂಟರ್ ಓಲಾಡುವುದೇಕೆ?

ಮುಂಬಯಿಯ ರೈಲು ನಿಲ್ದಾಣಗಳಲ್ಲಿ ನಿತ್ಯ ನಿಲ್ಲುವವರಿಗೆ ಈ ಅನುಭವ ಹೊಸದೇನಲ್ಲ. ಅಲ್ಲಿ ನಿಲ್ಲದ ಫಾಸ್ಟ್ ಲೋಕಲ್ ಧಾವಿಸಿ ಬಂದಾಗ ಮೊದಲು ಗಾಳಿ ಮುಖಕ್ಕೆ ಬಡಿಯುತ್ತದೆ. ಮರುಕ್ಷಣವೇ ಸೀರೆಯ ಸೆರಗು, ಕೈಯಲ್ಲಿನ ಪತ್ರಿಕೆ ರೈಲಿನತ್ತ ಹಾರತೊಡಗುತ್ತವೆ. ಹೆದ್ದಾರಿಯಲ್ಲಿ ದೊಡ್ಡ ಲಾರಿಯೊಂದು ಹಿಂದಿಕ್ಕಿ ಹೋಗುವಾಗ ಸ್ಕೂಟರ್ ಸವಾರನಿಗೂ ಮೊದಲು ತಳ್ಳಿದಂತೆ, ಬಳಿಕ ಎಳೆದಂತೆ ಭಾಸವಾಗುತ್ತದೆ. ಇದಕ್ಕೆ ಕಾರಣವೇನು?

ಗಾಳಿ ಕಣ್ಣಿಗೆ ಕಾಣದಿದ್ದರೂ ಅದಕ್ಕೆ ತೂಕವಿದೆ. ಸಮುದ್ರಮಟ್ಟದಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 1.2 ಕಿಲೋಗ್ರಾಂ ತೂಗುತ್ತದೆ. ವಾತಾವರಣವು ನಮ್ಮ ದೇಹದ ಪ್ರತಿ ಚದರ ಸೆಂಟಿಮೀಟರನ್ನೂ ಸುಮಾರು ಒಂದು ಕಿಲೋಗ್ರಾಂ ಭಾರದಷ್ಟು ಒತ್ತುತ್ತಿರುತ್ತದೆ. ಈ ಒತ್ತಡ ಎಲ್ಲ ಕಡೆಯಿಂದಲೂ ಸಮನಾಗಿರುವುದರಿಂದ ನಮ್ಮ ಅರಿವಿಗೆ ಬರುವುದಿಲ್ಲ. ಒಂದು ಬದಿಯಲ್ಲಿ ಅದು ತುಸು ಇಳಿದರೂ ಸಾಕು, ಮತ್ತೊಂದು ಬದಿಯ ಒತ್ತಡ ನಮ್ಮನ್ನು ಅತ್ತ ನೂಕುತ್ತದೆ.

ಓಡುವ ಲಾರಿ ತನ್ನೆದುರಿನ ಗಾಳಿಯನ್ನು ಪಕ್ಕಕ್ಕೆ ದೂಡುತ್ತದೆ. ಆದುದರಿಂದ ಅದರ ಮೂತಿಯ ಬಳಿ ಒತ್ತಡ ಹೆಚ್ಚು. ಹೀಗೆ ದೂಡಲ್ಪಟ್ಟ ಗಾಳಿ ಲಾರಿಗೂ ಸ್ಕೂಟರಿಗೂ ನಡುವಣ ಇಕ್ಕಟ್ಟಿನಲ್ಲಿ ರಭಸದಿಂದ ನುಸುಳಬೇಕಾಗುತ್ತದೆ. ಹರಿವಿನ ವೇಗ ಹೆಚ್ಚಿದಲ್ಲಿ ಒತ್ತಡ ತಗ್ಗುತ್ತದೆ. ವೇಗ ಮತ್ತು ಒತ್ತಡಗಳ ಈ ಸಂಬಂಧವನ್ನು ಸ್ವಿಸ್ ಗಣಿತಜ್ಞ ಡೇನಿಯಲ್ ಬರ್ನೂಲಿ 1738ರಲ್ಲಿ ಪ್ರಕಟವಾದ ತನ್ನ ‘ಹೈಡ್ರೊಡೈನಮಿಕಾ’ ಗ್ರಂಥದಲ್ಲಿ ವಿವೇಚಿಸಿದ್ದನು. ಅಂದರೆ, ಲಾರಿ ಸ್ಕೂಟರನ್ನು ಎಳೆಯುವುದಿಲ್ಲ. ಆಚೆ ಬದಿಯ ಗಾಳಿಯೇ ಅದನ್ನು ಲಾರಿಯತ್ತ ನೂಕುತ್ತದೆ.

ಅಪಾಯವಿರುವುದು ಇಲ್ಲಿಯೇ. ಮೊದಲ ತಳ್ಳಿಕೆಗೆ ಎಡಕ್ಕೆ ಸರಿದ ಸವಾರನು ಸಹಜವಾಗಿಯೇ ಹ್ಯಾಂಡಲನ್ನು ಬಲಕ್ಕೆ ಸರಿಪಡಿಸುತ್ತಾನೆ. ಅಷ್ಟರಲ್ಲಿ ಗಾಳಿಯ ನೂಕು ಕೂಡ ಬಲಕ್ಕೆ ತಿರುಗಿರುತ್ತದೆ. ಎರಡೂ ಸೇರಿದರೆ ಸ್ಕೂಟರ್ ಲಾರಿಯ ಚಕ್ರದತ್ತಲೇ ವಾಲುತ್ತದೆ. ಲಾರಿ ದಾಟಿದ ಮೇಲೆ ಅದರ ಹಿಂದಿನ ಸುಳಿಗಾಳಿ ಮತ್ತೊಮ್ಮೆ ಅಲುಗಾಡಿಸುತ್ತದೆ. ಬಸ್ಸಿನ ಹಿಂಬದಿಯ ಗಾಜಿಗೆ ಧೂಳು ಬೇಗನೆ ಮೆತ್ತಿಕೊಳ್ಳುವುದೂ, ಓಡುವ ಆಟೋರಿಕ್ಷಾದ ಕ್ಯಾನ್ವಾಸ್ ಚಾವಣಿ ಮೇಲಕ್ಕೆ ಉಬ್ಬುವುದೂ ಇಂತಹ ಒತ್ತಡದ ವ್ಯತ್ಯಾಸದಿಂದಲೇ.

ವೇಗ ಇಮ್ಮಡಿಯಾದರೆ ಗಾಳಿಯ ಬಲ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 40 ಕಿಲೋಮೀಟರ್ ವೇಗದ ಗಾಳಿಯನ್ನು ಎದುರು ನಿಂತು ತಡೆದರೆ ಪ್ರತಿ ಚದರ ಮೀಟರಿಗೆ ಸುಮಾರು ಏಳೂವರೆ ಕಿಲೋಗ್ರಾಂ ಭಾರದಷ್ಟು ಒತ್ತಡ ಬೀಳುತ್ತದೆ. 80 ಕಿಲೋಮೀಟರ್ ವೇಗದಲ್ಲಿ ಅದು 30 ಕಿಲೋಗ್ರಾಂ.

ಆದುದರಿಂದ ಲಾರಿ ಸಮೀಪಿಸುವಾಗಲೇ ಸವಾರನು ತುಸು ಎಡಕ್ಕೆ ಸರಿದು, ವೇಗ ತಗ್ಗಿಸಿ, ಹ್ಯಾಂಡಲನ್ನು ಎರಡೂ ಕೈಗಳಿಂದ ಭದ್ರವಾಗಿ ಹಿಡಿಯುವುದು ಲೇಸು. ಮೊದಲ ತಳ್ಳಿಕೆಗೆ ಹೆದರಿ ಹ್ಯಾಂಡಲನ್ನು ಥಟ್ಟನೆ ತಿರುಗಿಸಬಾರದು. ಪ್ಲಾಟ್‌ಫಾರ್ಮಿನ ಹಳದಿ ಪಟ್ಟಿಯಿಂದ ಹಿಂದೆ ನಿಲ್ಲಬೇಕೆಂಬ ಸೂಚನೆಯ ಹಿಂದೆಯೂ ಇದೇ ವಿವೇಕವಿದೆ. ವೇಗದ ರೈಲು ತನ್ನೊಂದಿಗೆ ಗಾಳಿಯನ್ನೂ ಎಳೆದೊಯ್ಯುವುದರಿಂದ ಅಂಚಿನಲ್ಲಿ ನಿಂತವರ ಆಯ ತಪ್ಪಬಹುದು. ಹಗುರ ಮೈಯ ಮಕ್ಕಳಿಗೆ ಈ ಭಯ ಹೆಚ್ಚು. ರೈಲು ಪೂರ್ತಿ ದಾಟುವವರೆಗೆ ಅವರ ಕೈ ಬಿಡದಿರೋಣ.